ಬಟ್ಟಲು ತೊಳೆದ ನೀರು

ಪಾಕಕಲೆಯಲ್ಲಿ ಹೊಸ ಹಾದಿ ತುಳಿದವರ ಬದುಕನ್ನೂ ಆಹಾರದೃಷ್ಟಿಯನ್ನೂ ಚಿತ್ರಿಸುವ ‘ಶೆಫ್ಸ್ ಟೇಬಲ್’ ಎಂಬ ಸಾಕ್ಷ್ಯಚಿತ್ರ ಮಾಲಿಕೆ 2015ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಆರಂಭವಾಯಿತು. ಅದರಲ್ಲಿ ಬರುವವರು ಬಹುಪಾಲು ಹೆಸರಾಂತ ಹೋಟೆಲುಗಳ ಬಾಣಸಿಗರು. 2017ರ ಒಂದು ಕಂತು ಮಾತ್ರ ದಕ್ಷಿಣ ಕೊರಿಯಾದ ಬೌದ್ಧ ಸನ್ಯಾಸಿನಿ ಜಿಯಾಂಗ್ ಕ್ವಾನ್ ಅವರನ್ನು ಕುರಿತದ್ದು. ಬೇಕ್ಯಾಂಗ್ಸಾ ದೇವಾಲಯದ ಚುನ್‌ಜಿನಾಮ್ ಆಶ್ರಮದಲ್ಲಿ ಅವರ ವಾಸ. ಅವರಿಗೆ ಹೋಟೆಲಿಲ್ಲ, ಪಾಕಶಾಲೆಯ ಪದವಿಯೂ ಇಲ್ಲ. ಆದರೂ ಪ್ರಸಿದ್ಧ ಬಾಣಸಿಗರು ಅವರಿಂದ ಕಲಿಯಲು ಬರುತ್ತಾರೆ.

ಅವರ ಅಡುಗೆಯಲ್ಲಿ ಮಾಂಸ, ಮೀನು, ಈರುಳ್ಳಿ, ಬೆಳ್ಳುಳ್ಳಿಗಳಿಲ್ಲ. ತೋಟದ ಕಾಯಿಪಲ್ಯ, ಅಣಬೆ, ಜಾಡಿಗಳಲ್ಲಿ ವರ್ಷಗಟ್ಟಲೆ ಹದಗೊಂಡ ಸೋಯಾ ರಸ ಇವೇ ಸಾಮಗ್ರಿ. ಅಡುಗೆ ಅವರಿಗೆ ಸಾಧನೆಯ ಒಂದು ಅಂಗ.

ಕೊರಿಯಾದ ಬೌದ್ಧಾಲಯಗಳ ಸಾಂಪ್ರದಾಯಿಕ ಭೋಜನದಲ್ಲಿ ಪ್ರತಿಯೊಬ್ಬರಿಗೂ ನಾಲ್ಕು ಬಟ್ಟಲು. ಬೇಕಾದಷ್ಟನ್ನೇ ಬಡಿಸಿಕೊಂಡು, ಮೌನವಾಗಿ ಉಂಡು, ಕೊನೆಗೆ ಬಟ್ಟಲು ತೊಳೆದ ನೀರನ್ನೂ ಕುಡಿಯುತ್ತಾರೆ. ತಟ್ಟೆ ತೊಳೆದು ಆ ನೀರನ್ನು ಪ್ರಸಾದವೆಂದು ಸೇವಿಸುವ ನಮ್ಮ ಹಿರಿಯರನ್ನು ಕಂಡವರಿಗೆ ಇದು ಪರದೇಶದ ಮಾತೆನಿಸದು.

ವೈದ್ಯರಾಗಿ ನಾವು ಇಲ್ಲಿ ಗಮನಿಸುವುದು ‘ಬೇಕಾದಷ್ಟನ್ನೇ’ ಎಂಬ ಮಾತನ್ನು. ಆಹಾರದ ಪ್ರಮಾಣವು ಅವರವರ ಜಠರಾಗ್ನಿಯನ್ನು ಅವಲಂಬಿಸಿದೆ ಎಂದು ಚರಕಸಂಹಿತೆ ತಿಳಿಸುತ್ತದೆ. ಹೊಟ್ಟೆಯ ಒಂದು ಭಾಗ ಘನಾಹಾರಕ್ಕೆ, ಒಂದು ಭಾಗ ದ್ರವಕ್ಕೆ, ಉಳಿದ ಭಾಗ ವಾತ-ಪಿತ್ತ-ಕಫಗಳ ಸಂಚಾರಕ್ಕೆ ಮೀಸಲು. ಆದರೆ ನಮ್ಮ ಪಂಕ್ತಿಗಳಲ್ಲಿ ಬಡಿಸುವವರು ಪ್ರೀತಿಯಿಂದ ಒತ್ತಾಯಿಸುತ್ತಾರೆ. ಉಣ್ಣುವವರು ಸಂಕೋಚದಿಂದ ಸುಮ್ಮನಿರುತ್ತಾರೆ. ಆಮೇಲೆ ಎರಡೇ ದಾರಿ: ಪ್ರಸಾದವನ್ನು ಚೆಲ್ಲುವುದು, ಇಲ್ಲವೇ ಚೆಲ್ಲಬಾರದೆಂದು ಹೊಟ್ಟೆಗೆ ತುರುಕುವುದು. ಮಧುಮೇಹವುಳ್ಳ ಹಿರಿಯರು ‘ಪ್ರಸಾದವಲ್ಲವೇ’ ಎಂದು ಎರಡು ಸೌಟು ಹುಗ್ಗಿ ಉಂಡು, ಮರುದಿನ ಸುಸ್ತೆಂದು ವೈದ್ಯರ ಬಳಿಗೆ ಬರುವುದುಂಟು. ಅತಿಯಾಗಿ ಉಣ್ಣುವುದೂ ಅನ್ನವನ್ನು ವ್ಯರ್ಥ ಮಾಡುವ ಇನ್ನೊಂದು ಬಗೆಯೇ.

ಆದ್ದರಿಂದ ಸಂಯಮವಿರಬೇಕಾದುದು ಬಡಿಸಿಕೊಳ್ಳುವಾಗ. ಮೊದಲು ಸ್ವಲ್ಪವೇ ನೀಡಿಸಿಕೊಳ್ಳಿರಿ. ಬೇಕೆನಿಸಿದರೆ ಮತ್ತೆ ಕೇಳಿರಿ. ಸಿಹಿ ವರ್ಜ್ಯವಿರುವವರು ಮೊದಲೇ ಕೈಯೊಡ್ಡಿ ತಡೆಯಿರಿ. ದಾಸೋಹದಲ್ಲಿ ಬಡಿಸುವ ಸೇವೆ ಮಾಡುವವರು ‘ಸಾಕು’ ಎಂದವರನ್ನು ಒತ್ತಾಯಿಸದಿರಲಿ. ಮಕ್ಕಳ ತಟ್ಟೆಗೆ ಹಿರಿಯರ ಅಳತೆ ಬೇಡ.

ಇನ್ನೊಂದು ಮಾತು. ಆ ಸನ್ಯಾಸಿನಿಯರನ್ನು ನೋಡಿ ಬೆಳ್ಳುಳ್ಳಿಯನ್ನು ತೊರೆಯಬೇಕಿಲ್ಲ. ಆಯುರ್ವೇದಕ್ಕೆ ಅದು ಔಷಧವೂ ಹೌದು. ಉಪ್ಪು ಹೆಚ್ಚಿರುವ ಸೋಯಾ ರಸವಂತೂ ರಕ್ತದೊತ್ತಡವುಳ್ಳವರಿಗೆ ಹಿತವಲ್ಲ. ಅವರಿಂದ ನಾವು ಪಡೆಯಬೇಕಾದುದು ಅಳತೆಯರಿತು ಉಣ್ಣುವ ಶ್ರದ್ಧೆಯನ್ನು. ಆ ಚಿತ್ರವನ್ನು ನೋಡಬಯಸುವವರು ಊಟ ಮುಗಿಸಿಯೇ ನೋಡಿರಿ. ಉಣ್ಣುವಾಗ ಮನಸ್ಸು ಪ್ರಸಾದದಲ್ಲಿರಲಿ.