ತಟ್ಟೆ ಹೊರಡುವ ಮುಂಚೆ

ನೀವು ಕರಾವಳಿಯವರಾದರೆ ಕುಸ್ವಾರ್ ತಿಂದೇ ಇರುತ್ತೀರಿ. ಕ್ರಿಸ್ಮಸ್ ಹತ್ತಿರ ಬಂದಾಗ ಕ್ಯಾಥೊಲಿಕ್ ಮನೆಗಳಿಂದ ನೆರೆಹೊರೆಗೆ ಬರುವ ತಿಂಡಿಯ ತಟ್ಟೆ ಅದು. ನೆವ್ರಿ, ಕಿಡಿಯೊ, ಹೂವಿನ ಆಕಾರದ ಕೊಕ್ಕಿಸಾಂ, ಚಕ್ಕುಲಿ, ಉಂಡೆ ಎಲ್ಲವೂ ಅದರಲ್ಲಿರುತ್ತವೆ. ಜನಾರ್ದನ ಮತ್ತು ಮಹಾಕಾಳಿ ದೇವಸ್ಥಾನದಿಂದ ಹೆಸರಾದ ನಮ್ಮ ಅಂಬಲಪಾಡಿಯಲ್ಲೂ ಈ ಕೊಡುಕೊಳ್ಳುವಿಕೆ ಹಳೆಯದು. ಅಷ್ಟಮಿಗೆ ನಮ್ಮ ಮನೆಯ ಉಂಡೆ, ಚಕ್ಕುಲಿ ಬೇಲಿಯಾಚೆ ಹೋಗುತ್ತಿದ್ದವು. ಡಿಸೆಂಬರಿನಲ್ಲಿ ಕುಸ್ವಾರ್ ಬೇಲಿಯೀಚೆ ಬರುತ್ತಿತ್ತು.

ನಮ್ಮ ನೆರೆಮನೆಯ ಹಿರಿಯಾಕೆಯನ್ನು ಓಣಿಯವರೆಲ್ಲ 'ಬಾಯಮ್ಮ' ಎಂದೇ ಕರೆಯುತ್ತಿದ್ದರು. ಆಕೆಯ ಮನೆಯಲ್ಲಿ ಒಂದು ಕ್ರಮವಿತ್ತು. ತಿಂಡಿಯೆಲ್ಲ ಡಬ್ಬಿಗೆ ತುಂಬಿದ ಮೇಲೂ ತಟ್ಟೆಗಳು ಕೂಡಲೇ ಹೊರಡುತ್ತಿರಲಿಲ್ಲ. ಬಾಯಮ್ಮ ಮೊದಲು ಒಂದು ಹಳೆಯ ನೋಟುಪುಸ್ತಕ ಹಿಡಿದು ಚಾವಡಿಯಲ್ಲಿ ಕೂರುತ್ತಿದ್ದರು. ತೆಂಗಿನಕಾಯಿ ತೆಗೆದವನ ಕೂಲಿ, ಹುಲ್ಲು ಹೊತ್ತವಳ ಕೂಲಿ, ಬಟ್ಟೆ ಒಗೆಯುವವರ ಬಾಕಿ, ಅಂಗಡಿಯ ಸಾಲ ಎಲ್ಲವೂ ಚುಕ್ತಾ ಆಗಬೇಕು. ಆಮೇಲೆಯೇ ತಟ್ಟೆ. ಕೂಲಿ ಬಾಕಿಯಿಟ್ಟು ತಿಂಡಿ ಕಳಿಸಿದರೆ ಆ ತಿಂಡಿ ಯಾರದ್ದೆಂದು ಹೇಳುವುದು ಎಂಬುದು ಅವರ ಪ್ರಶ್ನೆ.

ಚಿಕ್ಕಂದಿನಲ್ಲಿ ಇದು ಅಜ್ಜಿಯ ಹಟವೆಂದು ನಾನು ತಿಳಿದಿದ್ದೆ. ಕ್ರಿಸ್ಮಸ್ ಮುಂಚಿನ ನಾಲ್ಕು ವಾರಗಳ 'ಆಗಮನ ಕಾಲ'ದ ಕುರಿತು ಒಂದು ಮಾತುಕತೆಯ ಕಾರ್ಯಕ್ರಮಕ್ಕಾಗಿ ಓದಲು ಕುಳಿತಾಗ, ಆ ಕಾಲದ ತಿರುಳೇ ಅವರ ನೋಟುಪುಸ್ತಕದಲ್ಲಿತ್ತು ಎಂದು ಹೊಳೆಯಿತು.

ಏನಿದು ಆಗಮನ ಕಾಲ?

ಲ್ಯಾಟಿನ್ ಭಾಷೆಯ 'ಅದ್ವೆಂತುಸ್' ಎಂಬ ಪದಕ್ಕೆ ಬರುವಿಕೆ ಎಂದು ಅರ್ಥ. ಡಿಸೆಂಬರ್ 25ಕ್ಕೆ ಮುಂಚಿನ ನಾಲ್ಕು ಭಾನುವಾರಗಳನ್ನು ಎಣಿಸಿ ಈ ಕಾಲವನ್ನು ಗುರುತಿಸುತ್ತಾರೆ. ಕ್ರಿಸ್ಮಸ್ ಭಾನುವಾರವೇ ಬಂದರೆ ಆಗಮನ ಕಾಲಕ್ಕೆ ಪೂರ್ತಿ 28 ದಿನ, 2022ರಲ್ಲಿ ಹಾಗಾಯಿತು. ಸೋಮವಾರ ಬಂದರೆ 22 ದಿನ ಮಾತ್ರ. 2023ರಲ್ಲಿ ಹೀಗಾಗಿ ಡಿಸೆಂಬರ್ 3ರಂದು ಶುರುವಾಯಿತು. ಈ ದಿನಗಳಲ್ಲಿ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಧರಿಸುತ್ತಾರೆ. ಅದು ಪಶ್ಚಾತ್ತಾಪದ, ಸಿದ್ಧತೆಯ ಬಣ್ಣ. ಮೂರನೆಯ ಭಾನುವಾರ ಮಾತ್ರ ಗುಲಾಬಿ ಬಣ್ಣ. ಅದು ಸಂತೋಷದ ಭಾನುವಾರ.

ಚರ್ಚಿನೊಳಗೆ ಹಸಿರೆಲೆಯ ಬಳೆಯೊಂದರ ಮೇಲೆ ನಾಲ್ಕು ಮೇಣದ ಬತ್ತಿಗಳನ್ನು ಇಟ್ಟು, ವಾರಕ್ಕೊಂದರಂತೆ ಹಚ್ಚುವುದನ್ನು ನೀವು ನೋಡಿರಬಹುದು. ಇದು ಬಹಳ ಪುರಾತನ ಪದ್ಧತಿಯೇನಲ್ಲ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೊಹಾನ್ ಹಿನ್ರಿಖ್ ವಿಖೆರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ ಬಡ ಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದ. ಕ್ರಿಸ್ಮಸ್ ಎಂದು ಬರುತ್ತದೆಂದು ಮಕ್ಕಳು ದಿನವೂ ಕೇಳುತ್ತಿದ್ದರಂತೆ. ಅವರಿಗೆ ದಿನ ಎಣಿಸಲು ಅನುಕೂಲವಾಗಲೆಂದು 1839ರಲ್ಲಿ ಆತ ಗಾಡಿಯ ಚಕ್ರವೊಂದರ ಮೇಲೆ ಬತ್ತಿಗಳನ್ನು ನಿಲ್ಲಿಸಿದ. ಕ್ಯಾಥೊಲಿಕ್ ಚರ್ಚುಗಳಿಗೆ ಈ ಪದ್ಧತಿ ಬಂದದ್ದು 20ನೆಯ ಶತಮಾನದಲ್ಲಿ. ಇಂದು ನಾವು ಅಲಂಕಾರವೆಂದು ನೋಡುವ ಈ ದೀಪಗಳು ಮೊದಲು ಉರಿದದ್ದು ಗತಿಯಿಲ್ಲದ ಮಕ್ಕಳ ನಡುವೆ.

ಒಂದು ಪ್ರಶ್ನೆ, ಮೂರು ಉತ್ತರ

ಆಗಮನ ಕಾಲದ ವಾಚನಗಳಲ್ಲಿ ಮತ್ತೆ ಮತ್ತೆ ಬರುವ ವ್ಯಕ್ತಿ ಸ್ನಾನಿಕ ಯೊವಾನ್ನ. ಯೇಸುವಿಗೆ ಮುಂಚೆ ಬಂದು ದಾರಿ ಸರಿಮಾಡಿದವನು. ಲೂಕನ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ಜನ ಅವನ ಬಳಿ ಬಂದು, ಹಾಗಾದರೆ ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಈ ಭಾಗವನ್ನು ಮೂರು ವರ್ಷಕ್ಕೊಮ್ಮೆ, ಅದೇ ಸಂತೋಷದ ಭಾನುವಾರ ಓದುತ್ತಾರೆ. 2021ರಲ್ಲಿ, 2024ರಲ್ಲಿ ಓದಿದರು. ಮುಂದಿನ ಸರದಿ 2027. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಪೂಜೆ ಜನರ ಭಾಷೆಗೆ ಬಂದುದರಿಂದ ಕಲ್ಯಾಣಪುರ, ಶಿರ್ವ, ಅತ್ತೂರಿನ ಜನರೂ ಈ ಪ್ರಶ್ನೆಯನ್ನು ಲ್ಯಾಟಿನ್ನಿನ ಬದಲು ತಮ್ಮದೇ ಕೊಂಕಣಿಯಲ್ಲಿ ಕೇಳುವಂತಾಯಿತು.

ಯೊವಾನ್ನನ ಉತ್ತರವನ್ನು ಗಮನವಿಟ್ಟು ನೋಡಿ. ಸಾಮಾನ್ಯ ಜನರಿಗೆ ಆತ ಹೇಳಿದ್ದು, ಎರಡು ಅಂಗಿ ಇದ್ದವನು ಒಂದನ್ನು ಇಲ್ಲದವನಿಗೆ ಕೊಡಲಿ ಎಂದು. ಸುಂಕ ವಸೂಲಿ ಮಾಡುವವರಿಗೆ ಬೇರೆಯೇ ಉತ್ತರ: ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಎತ್ತಬೇಡಿ. ಸಿಪಾಯಿಗಳಿಗೆ: ಯಾರನ್ನೂ ಬೆದರಿಸಿ ಹಣ ಕೀಳಬೇಡಿ, ಸಂಬಳದಲ್ಲಿ ಬಾಳಿ.

ಸುಂಕದವರಿಗೆ ಆತ ದಾನ ಮಾಡಿ ಎನ್ನಲಿಲ್ಲ ನೋಡಿ. ತಪ್ಪಾಗಿ ತೆಗೆದುಕೊಳ್ಳುವುದನ್ನು ನಿಲ್ಲಿಸಿ ಎಂದ. ಮೊದಲನೆಯ ಉತ್ತರ ದಾನ. ಉಳಿದೆರಡು ನ್ಯಾಯ. ಇವೆರಡರ ವ್ಯತ್ಯಾಸ ತಿಳಿದರೆ ಆಗಮನ ಕಾಲ ತಿಳಿದಂತೆ.

ಜ್ವರವೂ ನಿಂತ ನೀರೂ

ವಿಜ್ಞಾನ ಓದಿದವರಿಗೆ ಪರಿಚಿತವಾದ ಉದಾಹರಣೆ ಕೊಡುತ್ತೇನೆ. ಊರಿಗೆ ಮಲೇರಿಯಾ ಬಂದಿದೆ ಎನ್ನಿ. ರೋಗಿಗೆ ಮಾತ್ರೆ ಕೊಡಲೇಬೇಕು; ತಡ ಮಾಡಿದರೆ ಜೀವ ಹೋದೀತು. ಆದರೆ ಸೊಳ್ಳೆ ಹುಟ್ಟುವ ನಿಂತ ನೀರನ್ನು ಹಾಗೆಯೇ ಬಿಟ್ಟರೆ ನಾಳೆ ಅದೇ ಮನೆಯಲ್ಲಿ ಇನ್ನೊಬ್ಬರು ಮಲಗುತ್ತಾರೆ. ಮಾತ್ರೆ ದಾನದಂತೆ, ನೀರು ಬಸಿಯುವುದು ನ್ಯಾಯದಂತೆ. ಒಂದು ಮಾಡಿದೆವೆಂದು ಇನ್ನೊಂದನ್ನು ಬಿಡುವಂತಿಲ್ಲ.

ನಮ್ಮ ಕರಾವಳಿಯಲ್ಲಿ ಮೊದಲನೆಯದಕ್ಕೆ ದೊಡ್ಡ ಉದಾಹರಣೆಯಿದೆ. ಜರ್ಮನಿಯಿಂದ ಬಂದ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿಸಿದರು. ಮನೆಯವರೇ ಹೊರಗಟ್ಟುತ್ತಿದ್ದ ರೋಗಿಗಳಿಗೆ ಹಾಸಿಗೆ, ಊಟ ಸಿಕ್ಕಿತು.

ಮರುವರ್ಷ, 1891ರ ಮೇ 15ರಂದು, ರೋಮಿನಲ್ಲಿ ಪೋಪ್ ಹದಿಮೂರನೆಯ ಲಿಯೋ 'ರೇರುಂ ನೊವಾರುಂ' ಎಂಬ ಪತ್ರ ಹೊರಡಿಸಿದರು. ಯುರೋಪಿನ ಕಾರ್ಖಾನೆಗಳಲ್ಲಿ ಹೆಂಗಸರು, ಮಕ್ಕಳು ಸಹ ದುಡಿದು ಸೊರಗುತ್ತಿದ್ದ ಕಾಲ ಅದು. ಕಾರ್ಮಿಕ ಒಪ್ಪಿಕೊಂಡ ಎಂಬ ಒಂದೇ ಕಾರಣಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಹಸಿದವನು ಯಾವ ಕೂಲಿಗೂ ಒಪ್ಪುತ್ತಾನೆ. ಕೂಲಿ ಅವನ ಬಾಳು ನಡೆಯುವಷ್ಟಿರಬೇಕು ಎಂಬುದು ಅದರ ವಾದ. ಕಾರ್ಮಿಕರು ಸಂಘ ಕಟ್ಟಿಕೊಳ್ಳುವುದು ಅವರ ಹಕ್ಕೆಂದೂ ಅದು ಒಪ್ಪಿತು. ಕ್ಯಾಥೊಲಿಕ್ ಸಾಮಾಜಿಕ ಬೋಧನೆ ಎಂದು ಇಂದು ಕರೆಯುವ ಚಿಂತನೆಗೆ ಇದು ಬುನಾದಿ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೆಯ ಲಿಯೋ ತಾವು ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಈ ಪತ್ರವನ್ನೇ ಮುಖ್ಯ ಕಾರಣವಾಗಿ ಹೇಳಿದರು. ಆಗ ಉಗಿಯಂತ್ರಗಳು ಎಬ್ಬಿಸಿದ ಪ್ರಶ್ನೆಯನ್ನು ಈಗ ಕೃತಕ ಬುದ್ಧಿಮತ್ತೆ ಎಬ್ಬಿಸುತ್ತಿದೆ ಎಂಬುದು ಅವರ ಮಾತಿನ ಸಾರ.

ಮುಡಿ ಅಕ್ಕಿ ಮತ್ತು ಗದ್ದೆಯ ಹಕ್ಕು

ರೋಮಿನಿಂದ ನಮ್ಮ ಗದ್ದೆಗೆ ಬರೋಣ. ಏಣೆಲು ಬೆಳೆಯ ಕೊಯ್ಲು ಮುಗಿದು ಅಂಗಳದಲ್ಲಿ ಮುಡಿ ಕಟ್ಟುವ ಹೊತ್ತಿಗೇ ಕರಾವಳಿಯಲ್ಲಿ ಆಗಮನ ಕಾಲ ಬರುತ್ತದೆ. 1974ಕ್ಕಿಂತ ಮುಂಚೆ ಗೇಣಿ ಅಳೆದು ಕೊಡುವ ಚಿಂತೆಯ ಕಾಲವೂ ಅದೇ ಆಗಿತ್ತು. ಚಾಲಗೇಣಿಯ ಒಕ್ಕಲು ಬೆವರು ಸುರಿಸಿ ಬೆಳೆದ ಅಕ್ಕಿಯ ದೊಡ್ಡ ಪಾಲು ಒಡೆಯನ ಮನೆಗೆ ಹೋಗುತ್ತಿತ್ತು. ಕೊಡದಿದ್ದರೆ ಗದ್ದೆ ಕೈತಪ್ಪುವ ಭಯ. ಒಡೆಯರಲ್ಲಿ ಎಲ್ಲ ಮತದವರೂ ಇದ್ದರು, ಕ್ಯಾಥೊಲಿಕರೂ ಇದ್ದರು. ಒಕ್ಕಲುಗಳಲ್ಲೂ ಹಾಗೆಯೇ. ಒಂದೇ ಚರ್ಚಿನಲ್ಲಿ ಒಂದೇ ವಾಚನ ಕೇಳಿ, ಒಬ್ಬ ಗೇಣಿ ಪಡೆಯಲು, ಇನ್ನೊಬ್ಬ ಗೇಣಿ ಕೊಡಲು ಮನೆಗೆ ಹೋಗುತ್ತಿದ್ದ ದಿನಗಳವು.

ಆಗಲೂ ದಯಾಳುಗಳಾದ ಒಡೆಯರಿದ್ದರು. ಹಬ್ಬಕ್ಕೆ ಒಕ್ಕಲಿನ ಮಕ್ಕಳಿಗೆ ಬಟ್ಟೆ, ಕಷ್ಟಕ್ಕೆ ಅಕ್ಕಿ ಕೊಡುತ್ತಿದ್ದರು. ಆದರೆ ಆ ಅಕ್ಕಿ ಒಡೆಯನ ಮನಸ್ಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ದೇವರಾಜ ಅರಸರ ಸರಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿಪದ್ಧತಿಯನ್ನೇ ತೆಗೆದುಹಾಕಿತು. ಒಕ್ಕಲು ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿ, ಉಳುವ ಗದ್ದೆಗೆ ಒಡೆಯನಾದ. ಅಂದಿನ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಈ ಕಾನೂನು ಸಾವಿರಾರು ಮನೆಗಳ ಬದುಕು ಬದಲಿಸಿತು. ಕೈಯೊಡ್ಡಿ ಪಡೆಯುವುದಕ್ಕೂ ಹಕ್ಕಿನಿಂದ ಪಡೆಯುವುದಕ್ಕೂ ಇರುವ ಅಂತರವನ್ನು ತಿಳಿಯಬೇಕಾದರೆ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ.

ಈ ನ್ಯಾಯ ಸಂಪೂರ್ಣವಾಗಿರಲಿಲ್ಲ ಎಂಬುದೂ ನಿಜ. ಗೇಣಿಯೊಂದನ್ನೇ ನಂಬಿದ್ದ ಸಣ್ಣ ಒಡೆಯರೂ ವಿಧವೆಯರೂ ಕಷ್ಟಕ್ಕೆ ಬಿದ್ದರು. ಗೇಣಿಯೂ ಇಲ್ಲದ, ಬರಿಯ ಕೂಲಿಗೆ ದುಡಿಯುತ್ತಿದ್ದವರಿಗೆ ಗದ್ದೆ ಸಿಗಲಿಲ್ಲ. ಕಾನೂನು ಒಂದು ಮೆಟ್ಟಿಲು ಮಾತ್ರ.

ಮನೆಯೊಳಗೆ ನೋಡಿದಾಗ

ನ್ಯಾಯದ ಪ್ರಶ್ನೆ ಕೇಳುವವರು ತಮ್ಮ ಮನೆಯನ್ನೂ ನೋಡಿಕೊಳ್ಳಬೇಕಾಗುತ್ತದೆ. ಕ್ರೈಸ್ತ ಬೋಧನೆಯಲ್ಲಿ ಜಾತಿಗೆ ಎಡೆಯಿಲ್ಲ. ಆದರೂ ಕರಾವಳಿಯ ಕ್ಯಾಥೊಲಿಕರಲ್ಲಿ ಮತಾಂತರಕ್ಕೆ ಹಿಂದಿನ ಜಾತಿಗಳ ನೆನಪು, ಮುಖ್ಯವಾಗಿ ಮದುವೆಯ ಮಾತುಕತೆಯಲ್ಲಿ, ಬಹುಕಾಲ ಉಳಿಯಿತು. 2016ರ ಡಿಸೆಂಬರಿನಲ್ಲಿ, ಆಗಮನ ಕಾಲದಲ್ಲಿಯೇ, ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿಯು ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿತು. ಧರ್ಮಸಭೆಯೊಳಗೂ ದಲಿತರ ಬಗ್ಗೆ ಭೇದಭಾವ ಇದೆಯೆಂದು ಅದರಲ್ಲಿ ಬಿಷಪರೇ ಒಪ್ಪಿಕೊಂಡರು. ಒಪ್ಪಿಕೊಂಡ ಮಾತ್ರಕ್ಕೆ ರೋಗ ವಾಸಿಯಾಗುವುದಿಲ್ಲ. ಆದರೆ ರೋಗದ ಹೆಸರು ಹೇಳದೆ ಚಿಕಿತ್ಸೆಯೂ ಇಲ್ಲ. ಇದು ಎಲ್ಲ ಸಮುದಾಯಗಳಿಗೂ ಸಲ್ಲುವ ಮಾತು.

ನನ್ನ ಬಾಕಿ

ಇಷ್ಟೆಲ್ಲ ಓದಿ, ಟಿಪ್ಪಣಿ ಮಾಡಿಕೊಂಡು, ಆ ಕಾರ್ಯಕ್ರಮದ ಚಿತ್ರೀಕರಣವನ್ನು ಬಾಯಮ್ಮನ ಅಂಗಳದಲ್ಲೇ ಇಟ್ಟುಕೊಂಡೆ. ಅತಿಥಿಗಳು ದಾನ ಮತ್ತು ನ್ಯಾಯದ ಬಗ್ಗೆ ಚೆನ್ನಾಗಿ ಮಾತಾಡಿದರು. ಮುಗಿದ ಮೇಲೆ ಬಾಯಮ್ಮ ಎಲ್ಲರಿಗೂ ಕುಸ್ವಾರ್ ಕೊಟ್ಟರು. ದೀಪ ಹಿಡಿದು ನಿಂತಿದ್ದ ದಿನಗೂಲಿಯ ಹುಡುಗನಿಗೂ ಕೊಟ್ಟು, ಅವನೊಡನೆ ಏನೋ ಮಾತಾಡಿ, ನನ್ನ ಬಳಿ ಬಂದರು.

"ಈ ಹುಡುಗನ ಎರಡು ತಿಂಗಳ ಹಣ ಬಾಕಿ ಉಂಟಂತೆ, ಹೌದಾ ಮಗಾ?"

"ಬಿಲ್ ಆಗ್ಬೇಕಷ್ಟೆ, ಬಾಯಮ್ಮ."

"ಬಿಲ್ ಮಾಡುವವರು ಯಾರು?"

ನಾನು ಉತ್ತರ ಕೊಡಲಿಲ್ಲ. ಬಿಲ್ಲಿಗೆ ರುಜು ಹಾಕಬೇಕಾದ ವ್ಯಕ್ತಿ ನಾನೇ. ಕಾಗದ ನನ್ನ ಮೇಜಿನ ಮೇಲೆಯೇ ಇತ್ತು. ಯಾವ ದುರುದ್ದೇಶವೂ ಇರಲಿಲ್ಲ, ಬರಿಯ ಉದಾಸೀನ. ಆದರೆ ಎರಡು ತಿಂಗಳು ಅಂಗಡಿಯಲ್ಲಿ ಸಾಲ ಹೇಳಿದವನು ಅವನು, ನಾನಲ್ಲ. ಮಾರನೆಯ ದಿನ ಬೆಳಿಗ್ಗೆ ರುಜು ಹಾಕಿದೆ. ಅದಕ್ಕೆ ಬೇಕಾದದ್ದು ಅರ್ಧ ನಿಮಿಷ.

ಅನ್ಯಾಯವೆಂದರೆ ಎಲ್ಲೋ ದೂರದಲ್ಲಿ ದುಷ್ಟರು ಮಾಡುವುದು ಎಂದು ನಾವು ತಿಳಿಯುತ್ತೇವೆ. ಅನೇಕ ವೇಳೆ ಅದು ಒಳ್ಳೆಯವರ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಯೊವಾನ್ನ ಸುಂಕದವನಿಗೆ ಸುಂಕದ ಮಾತನ್ನೂ ಸಿಪಾಯಿಗೆ ಸಿಪಾಯಿಯ ಮಾತನ್ನೂ ಹೇಳಿದ್ದು ಅದಕ್ಕೇ ಇರಬೇಕು. ಪ್ರತಿಯೊಬ್ಬರ ಬಾಕಿ ಅವರವರ ಕೆಲಸದಲ್ಲೇ ಇರುತ್ತದೆ.

ನೀವು ಯಾವ ಧರ್ಮದವರೇ ಆಗಿರಿ, ಈ ಡಿಸೆಂಬರಿನಲ್ಲಿ ಒಂದು ಸಣ್ಣ ಕೆಲಸ ಮಾಡಿ ನೋಡಿ. ನಿಮ್ಮ ಕಾಲೇಜು ದಿನಾಚರಣೆಗೆ ಶಾಮಿಯಾನ ಹಾಕಿದವರ ಹಣ ಸಂದಿದೆಯೇ? ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುವವರಿಗೆ ವಾರದ ರಜೆ ಉಂಟೇ? ನಿಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಅಕ್ಕನಿಗೆ ಸಾವಿರ ಬೀಡಿಗೆ ಸಿಗುವುದೆಷ್ಟು, ಕಾನೂನಿನ ಪ್ರಕಾರ ಸಿಗಬೇಕಾದದ್ದೆಷ್ಟು? ಕೇಳಿ, ಬರೆದಿಡಿ, ತರಗತಿಯಲ್ಲಿ ಚರ್ಚಿಸಿ. ನೋಟುಪುಸ್ತಕ ಹಳೆಯದಾದರೂ ಸಾಕು.