ಮೂಕಿಚಿತ್ರದಲ್ಲಿ ಮಾತಿನ ಮಲ್ಲ!

ಡೈಲಾಗ್ ಹೊಡೆಯದ ಹೀರೋ ಹೀರೋನೇ ಅಲ್ಲ ಅನ್ನೋ ಗೆಳೆಯರೇ, ಸ್ವಲ್ಪ ಇತ್ತ ಕೇಳಿ. ಬರೀ ಬಾಯಿಮಾತಿನ ಬಲದಿಂದ ಬ್ರಿಟನ್ನಿನ ಪ್ರಧಾನಿ ಪಟ್ಟ ಏರಿದವನ ಕಥೆಯನ್ನು 1921ರಲ್ಲಿ ಅಮೆರಿಕದವರು ಚಿತ್ರ ಮಾಡಿದರು. ಅದೂ ಮೂಕಿಚಿತ್ರ! ಹೆಸರು 'ಡಿಸ್ರೇಲಿ'. ನಿರ್ದೇಶಕ ಹೆನ್ರಿ ಕೋಲ್ಕರ್.

ಯಾರೀ ಡಿಸ್ರೇಲಿ? 1804ರಲ್ಲಿ ಲಂಡನ್ನಿನ ಯೆಹೂದಿ ಮನೆತನದಲ್ಲಿ ಹುಟ್ಟಿದಾತ. 1817ರಲ್ಲಿ ಅಪ್ಪ ಕ್ರೈಸ್ತ ದೀಕ್ಷೆ ಕೊಡಿಸದೇ ಇದ್ದಿದ್ರೆ ಪಾರ್ಲಿಮೆಂಟಿನ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಯೆಹೂದಿ ಧರ್ಮದವರಿಗೆ ಅಲ್ಲಿ ಜಾಗ ಸಿಕ್ಕಿದ್ದು 1858ರಲ್ಲಿ! 1837ರಲ್ಲಿ ಆತನ ಮೊದಲ ಭಾಷಣಕ್ಕೆ ಸಭೆಯೇ ಗೇಲಿ ಮಾಡಿ ಕೂರಿಸಿತು. ಅದೇ ಮನುಷ್ಯ 1868ರಲ್ಲಿ ಪ್ರಧಾನಿ, 1874ರಲ್ಲಿ ಮತ್ತೆ ಪ್ರಧಾನಿ!

ಚಿತ್ರದ ಕಥೆ ಸೂಯೆಜ್ ಕಾಲುವೆಯದು. 1875ರಲ್ಲಿ ರಾತ್ಸ್‌ಚೈಲ್ಡ್ ಸಾಹುಕಾರರಿಂದ 40 ಲಕ್ಷ ಪೌಂಡ್ ಸಾಲ ತಂದು, ಈಜಿಪ್ಟಿನ ದೊರೆಯ ಷೇರುಗಳನ್ನು ಡಿಸ್ರೇಲಿ ಕೊಂಡದ್ದು ನಿಜ. ಗೂಢಚಾರಿಣಿ, ದಿವಾಳಿಯಾಗುವ ಸಾಹುಕಾರ... ಇವೆಲ್ಲ ಮೂಲ ನಾಟಕ ಬರೆದ ಲೂಯಿ ಪಾರ್ಕರ್ ಅರೆದ ಮಸಾಲೆ. ಚಿತ್ರದಲ್ಲಿ ಓಡಾಡುವ ಹೆಂಡತಿ ಕೂಡ ನಿಜದಲ್ಲಿ 1872ರಲ್ಲೇ ತೀರಿಕೊಂಡಿದ್ದರು!

ನಾಯಕ ಜಾರ್ಜ್ ಆರ್ಲಿಸ್. 1911ರಿಂದ ನಾಟಕದಲ್ಲಿ ಇದೇ ಪಾತ್ರ ಮಾಡಿ ಹೆಸರು ಗಳಿಸಿದ್ದ ನಟ. 53ರ ವಯಸ್ಸಿನಲ್ಲಿ ಅದೇ ಪಾತ್ರ ಕ್ಯಾಮೆರಾ ಮುಂದೆ ಬಂದಾಗ ಮಾತಿನ ಕತ್ತಿಯೇ ಕೈಬಿಟ್ಟು ಹೋಗಿತ್ತು. ಉಳಿದದ್ದು ಕಣ್ಣು, ಹುಬ್ಬು, ತುಟಿಯಂಚಿನ ನಗು. ಅಷ್ಟರಲ್ಲೇ ಒಬ್ಬ ಚತುರನನ್ನು ತೋರಿಸಬೇಕು. ಸಾಮಾನ್ಯ ಪರೀಕ್ಷೆಯೇ?

ಆದರೆ ಕಾಲ ಮಾತನ್ನು ವಾಪಸ್ ಕೊಟ್ಟಿತು. 1929ರಲ್ಲಿ ವಾರ್ನರ್ ಬ್ರದರ್ಸ್ ಅದೇ ಕಥೆಯನ್ನು ಟಾಕಿ ಮಾಡಿದಾಗ ಅದೇ ಆರ್ಲಿಸ್! ಎರಡರಲ್ಲೂ ಹೆಂಡತಿಯ ಪಾತ್ರ ಮಾಡಿದ್ದು ಆತನ ಸ್ವಂತ ಹೆಂಡತಿ ಫ್ಲಾರೆನ್ಸ್. ಟಾಕಿಯ ಆ ಅಭಿನಯಕ್ಕೆ ಶ್ರೇಷ್ಠ ನಟನ ಆಸ್ಕರ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಬ್ರಿಟಿಷ್ ನಟ ಆತನೇ. ಭೇಷ್!

ಚಪ್ಪಾಳೆ ಹೊಡೆಯಿರಿ, ಆದ್ರೆ ಒಂದು ಮಾತು ನೆನಪಿರಲಿ. 1876ರಲ್ಲಿ ವಿಕ್ಟೋರಿಯಾ ರಾಣಿಗೆ ಭಾರತದ ಚಕ್ರವರ್ತಿನಿ ಎಂಬ ಬಿರುದು ಕೊಡಿಸಿದ್ದೂ ಇದೇ ಡಿಸ್ರೇಲಿ. 1877ರ ಜನವರಿ 1ರಂದು ದೆಹಲಿಯಲ್ಲಿ ಅದರ ದರ್ಬಾರು ನಡೆದಾಗ, ಇತ್ತ ಮೈಸೂರು ಸೀಮೆ, ಬಳ್ಳಾರಿ ಕಡೆ ನಮ್ಮ ಜನ ಧಾತು ಸಂವತ್ಸರದ ಬರದಲ್ಲಿ ಅನ್ನವಿಲ್ಲದೆ ಸಾಯುತ್ತಿದ್ದರು. ಆ ಕಥೆಯನ್ನು ಮೂಕಿ ಹೇಳಲಿಲ್ಲ. ಬಾಯಿ ಬಂದ ಮೇಲೆ ಟಾಕಿಯೂ ಹೇಳಲಿಲ್ಲ!