ಮುಟ್ಟಲಾಗದ ಗುರಿ, ಬಿಡಲಾಗದ ದಾರಿ

ದೇವರಂತೆ ಪರಿಪೂರ್ಣರಾಗಬೇಕು, ಶತ್ರುವನ್ನೂ ಪ್ರೀತಿಸಬೇಕು ಎಂಬ ಯೇಸುವಿನ ಬೋಧೆ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಮನುಷ್ಯರಿಗೆ ಇದು ಸಾಧ್ಯವೇ?

ಪೂರ್ತಿಯಾಗಿ ಸಾಧ್ಯವಿಲ್ಲ, ಹಾಗೆಂದು ಆದರ್ಶವನ್ನು ಕೆಳಗಿಳಿಸಲೂಬಾರದು ಎಂದವರು ರಷ್ಯಾದ ಸಾಹಿತಿ ಲಿಯೋ ಟಾಲ್‌ಸ್ಟಾಯ್ (1828–1910). ಸೆಳವಿರುವ ಹೊಳೆ ದಾಟುವವನು ತಲುಪಬೇಕಾದ ಜಾಗಕ್ಕಿಂತ ಮೇಲಕ್ಕೇ ದೋಣಿ ತಿರುಗಿಸಬೇಕು. ಇಲ್ಲದಿದ್ದರೆ ನೀರು ಕೆಳಕ್ಕೆ ಎಳೆದೊಯ್ಯುತ್ತದೆ. ಇದು ಅವರೇ ಕೊಟ್ಟ ಹೋಲಿಕೆ. ನಿಯಮವನ್ನು ಪಾಲಿಸಿದರೆ ಕೆಲಸ ಮುಗಿಯಿತು. ಆದರ್ಶದ ವಿಷಯದಲ್ಲಿ ಹಾಗಲ್ಲ. ಅಲ್ಲಿ ಎಷ್ಟು ದೂರ ಬಂದೆವು ಎನ್ನುವುದಕ್ಕಿಂತ ನಡೆಯುತ್ತಿದ್ದೇವೆಯೇ ಎಂಬುದು ಮುಖ್ಯ.

ಅವರ ಬದುಕೇ ಈ ಮಾತಿಗೆ ಪರೀಕ್ಷೆಯಾಯಿತು. ಆಸ್ತಿಯನ್ನು ಹೆಂಡತಿ ಮಕ್ಕಳಿಗೆ ಬಿಟ್ಟುಕೊಟ್ಟರೂ ಯಾಸ್ನಾಯ ಪೊಲ್ಯಾನದ ಜಮೀನ್ದಾರಿ ಮನೆಯಲ್ಲೇ ಅವರ ವಾಸ ಮುಂದುವರಿಯಿತು. ಹೇಳುವುದೊಂದು, ಮಾಡುವುದೊಂದು ಎಂದು ಜನ ಟೀಕಿಸಿದರು. ತಪ್ಪು ನಡೆಯುವವನದು, ದಾರಿಯದ್ದಲ್ಲ ಎಂಬುದು ಅವರ ನಿಲುವಾಗಿತ್ತು. ಕೊನೆಗೆ 82ನೇ ವಯಸ್ಸಿನಲ್ಲಿ ಮನೆ ಬಿಟ್ಟು ಹೊರಟ ಅವರು 1910ರ ನವೆಂಬರ್‌ನಲ್ಲಿ ಅಸ್ತಾಪೊವೊ ರೈಲು ನಿಲ್ದಾಣದಲ್ಲಿ, ಸ್ಟೇಷನ್ ಮಾಸ್ತರರ ಮನೆಯಲ್ಲಿ ಕೊನೆಯುಸಿರೆಳೆದರು.

ಅವರ ಪುಸ್ತಕದಿಂದ ಪ್ರಭಾವಿತರಾಗಿದ್ದ ಗಾಂಧೀಜಿ, ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಕಟ್ಟಿದ ಆಶ್ರಮಕ್ಕೆ ‘ಟಾಲ್‌ಸ್ಟಾಯ್ ಫಾರ್ಮ್’ ಎಂದೇ ಹೆಸರಿತ್ತು. ಒಬ್ಬರು ಅರ್ಧಕ್ಕೆ ನಿಲ್ಲಿಸಿದ ದಾರಿಯಲ್ಲಿ ಇನ್ನೊಬ್ಬರು ಆಗಲೇ ಹೆಜ್ಜೆಯಿಟ್ಟಿದ್ದರು.